ಪಿ 0420 ಕೋಡ್ ಬಂದರೆ ಕನ್ವರ್ಟರ್ ಹೋಯ್ತು ಅಂತಲೇನಾ?

ಪ್ರಶ್ನೆ: ಸರ್, ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಪಿಕಪ್ ಟ್ರಕ್ ತಗೊಂಡು ಒಂದು ತಿಂಗಳಾಯ್ತು. ನೋಡೋಕೆ ಹೋದಾಗ ಮೀಟರಲ್ಲಿ ಯಾವ ಲೈಟೂ ಇರಲಿಲ್ಲ. ತಂದು ಐದಾರು ದಿನಕ್ಕೆ ಚೆಕ್ ಇಂಜಿನ್ ಲೈಟ್ ಬಂತು. ಸ್ಕ್ಯಾನರ್ ಹಾಕಿದರೆ ಪಿ 0420 ಒಂದೇ ಕೋಡ್. ಎಳೆತ, ಮೈಲೇಜ್ ಎಲ್ಲಾ ಚೆನ್ನಾಗಿದೆ. ಒಬ್ಬ ಮೆಕ್ಯಾನಿಕ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಅಂದರು, ಇನ್ನೊಬ್ಬರು ಹಿಂದಿನ ಆಕ್ಸಿಜನ್ ಸೆನ್ಸರ್ ಬದಲಿಸಿ ಅಂದರು. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ಮಾಡಬೇಡಿ. ಕೋಡನ್ನೂ ಅಳಿಸಬೇಡಿ, ಅದರ ಜೊತೆ ಉಳಿದಿರುವ ಫ್ರೀಜ್ ಫ್ರೇಮ್ ಮಾಹಿತಿ (ಕೋಡ್ ಬಂದ ಕ್ಷಣದಲ್ಲಿ ಇಂಜಿನ್ ಹೇಗಿತ್ತು ಅನ್ನುವ ದಾಖಲೆ) ಮೊದಲು ಬರೆದಿಟ್ಟುಕೊಳ್ಳಿ.

ಕನ್ವರ್ಟರ್ ಒಳಗೆ ಆಮ್ಲಜನಕವನ್ನು ಹಿಡಿದಿಟ್ಟು ಬಿಡುವ ಲೇಪನ ಇರುತ್ತದೆ. ಅದು ಚೆನ್ನಾಗಿದ್ದರೆ ಕನ್ವರ್ಟರ್ ಮುಂದಿನ ಆಕ್ಸಿಜನ್ ಸೆನ್ಸರ್ 0.1 ರಿಂದ 0.9 ವೋಲ್ಟ್ ಮಧ್ಯೆ ಮೇಲೆ ಕೆಳಗೆ ಕುಣಿಯುತ್ತಿದ್ದರೂ ಕನ್ವರ್ಟರ್ ಹಿಂದಿನದು 0.6, 0.7ರ ಹತ್ತಿರ ಸುಮ್ನೆ ನಿಂತಿರುತ್ತದೆ. ಹಿಂದಿನದೂ ಕುಣಿಯೋಕೆ ಶುರು ಮಾಡಿದಾಗ ಬರುವ ಕೋಡೇ ಇದು. ಆದರೆ ಅದು ಕುಣಿಯೋಕೆ ಬೇರೆ ಕಾರಣವೂ ಇರಬಹುದು ಅಲ್ವಾ? ಸೈಲೆನ್ಸರ್ ಪೈಪಿನಲ್ಲಿ ಸೆನ್ಸರ್‌ಗಿಂತ ಮುಂಚೆ ಎಲ್ಲಾದರೂ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಸೇರಿ ರೀಡಿಂಗ್ ಕೆಡಿಸುತ್ತದೆ. ಹಿಂದಿನ ಸೆನ್ಸರ್ ಇಲ್ಲಿ ಸಾಕ್ಷಿ ಅಷ್ಟೇ, ಸಾಕ್ಷಿಯನ್ನು ಬದಲಿಸಿದರೆ ತಪ್ಪು ಸರಿಹೋಗಲ್ಲ.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ ಕಿವಿ ಕೊಡಿ. ಇಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಕಡೆಯಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಾ? ಜಾಯಿಂಟಿನ ಸುತ್ತ ಕಪ್ಪು ಮಸಿ ಇದೆಯಾ?

ಪ್ರಶ್ನೆ: ನೀವು ಹೇಳಿದ ಹಾಗೇ ಇದೆ ಸರ್! ಒಂದು ಬೋಲ್ಟ್ ಪಕ್ಕ ಮಸಿ ಗೆರೆ ಎಳೆದ ಹಾಗಿದೆ. ಇಂಜಿನ್ ಬಿಸಿಯಾದ ಮೇಲೆ ಸದ್ದು ನಿಲ್ಲುತ್ತದೆ. ಹಾಗಾದರೆ ಕನ್ವರ್ಟರ್ ಬಚಾವಾ?

ಉತ್ತರ: ಈಗಲೇ ಹೇಳಲಾಗಲ್ಲ. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ನಿಲ್ಲುತ್ತದೆ, ಆದರೆ ಲೀಕ್ ಪೂರ್ತಿ ನಿಂತಿದೆ ಅಂತ ನಂಬಬೇಡಿ. ಆ ಜಾಯಿಂಟಿನ ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಿಸಿ, ಬೋಲ್ಟ್ ತುಂಡಾಗಿದೆಯಾ ನೋಡಿಸಿ, ಆಮೇಲೆ ಕೋಡ್ ಅಳಿಸಿ ಕೆಲವು ದಿನ ಮಾಮೂಲಿನಂತೆ ಓಡಿಸಿ. ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ ಮಾನಿಟರ್ (ಕನ್ವರ್ಟರನ್ನು ಗಾಡಿ ತಾನೇ ಮಾಡುವ ಪರೀಕ್ಷೆ) 'ರೆಡಿ' ಅಂತ ಬರುವ ತನಕ ಲೈಟ್ ಇಲ್ಲ ಅನ್ನುವುದಕ್ಕೆ ಅರ್ಥವೇ ಇಲ್ಲ. ನೀವು ಕೊಳ್ಳುವಾಗ ಲೈಟ್ ಇಲ್ಲದ್ದಕ್ಕೂ ಇದೇ ಕಾರಣ ಇರಬಹುದು, ಮಾರುವ ಮುಂಚೆ ಯಾರೋ ಕೋಡ್ ಅಳಿಸಿದ್ದರೆ ಹೀಗೇ ಆಗುತ್ತದೆ.

ರೆಡಿ ಆಗಿಯೂ ಕೋಡ್ ಮತ್ತೆ ಬಂದರೆ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಹಿಂದಿನ ಸೆನ್ಸರ್ ರೀಡಿಂಗ್ ನೋಡಿ. ಆಗಲೂ ಕುಣಿಯುತ್ತಿದ್ದರೆ ಕನ್ವರ್ಟರ್ ಸೋತಿದೆ ಅನ್ನಬಹುದು. ಆಗಲೂ ತಕ್ಷಣ ಹೊಸದು ಹಾಕಿಸಬೇಡಿ ದಯವಿಟ್ಟು. ಆಯಿಲ್ ಕಡಿಮೆ ಆಗುತ್ತಿದೆಯಾ, ಕೂಲಂಟ್ ಇಳಿಯುತ್ತಿದೆಯಾ, ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದ ಮಿಸ್‌ಫೈರ್ ಇದೆಯಾ ನೋಡಿಸಿ. ಕನ್ವರ್ಟರನ್ನು ಸಾಮಾನ್ಯವಾಗಿ ಇಂಜಿನ್ನೇ ಕೊಲ್ಲುವುದು, ಆ ಕಾರಣ ಹಾಗೇ ಉಳಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಈ ಮಧ್ಯೆ ಲೈಟ್ ಮಿನುಗಲು ಶುರುವಾದರೆ ಗಾಡಿ ಪಕ್ಕಕ್ಕೆ ಹಾಕಿಬಿಡಿ. ಅದು ಜೋರು ಮಿಸ್‌ಫೈರ್, ಸುಡದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನು ಕರಗಿಸಿಬಿಡುತ್ತದೆ.

ಗ್ಯಾಸ್ಕೆಟ್ ಹಾಕಿಸಿದ ಮೇಲೆ ಎರಡೂ ಸೆನ್ಸರ್ ರೀಡಿಂಗ್ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.