ವೇಬ್ರಿಡ್ಜ್ ಕಂಪ್ಯೂಟರ್‌ಗೆ ಮಾತ್ರ ಸರ್ವರ್ ಸಿಗುತ್ತಿಲ್ಲ, ಉಳಿದವಕ್ಕೆಲ್ಲ ಸಿಗುತ್ತದೆ

ಕಾಫಿಲೆಕ್ಕದ ಅಕ್ಕ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಹೊರಗೆ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಉಸ್ತುವಾರಿಯೂ ನನ್ನದೇ. ಒಂದು ತೊಂದರೆ ಶುರುವಾಗಿದೆ, ಯಾರ ಹತ್ತಿರ ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ನಮ್ಮಲ್ಲಿ ಇರುವುದು ಹೀಗೆ. ಆಫೀಸಿನಲ್ಲಿ ಒಂದು ವಿಂಡೋಸ್ ಸರ್ವರ್. ಅದರ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ, 192.168.1.10, ಕೈಯಿಂದಲೇ ಕೊಟ್ಟಿದ್ದು. ಅದರಲ್ಲಿ ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸ್ ಓಡುತ್ತದೆ. ಆಫೀಸಿನಲ್ಲಿ 4 ಕಂಪ್ಯೂಟರ್, ಗ್ರೇಡಿಂಗ್ ಹಾಲಿನಲ್ಲಿ 1, ಗೇಟಿನ ವೇಬ್ರಿಡ್ಜ್ (ಲಾರಿ ತೂಗುವ) ಕೋಣೆಯಲ್ಲಿ 1. ಗೇಟಿಗೆ ಆಫೀಸಿನಿಂದ ಲ್ಯಾನ್ ಕೇಬಲ್ ಎಳೆದಿದ್ದಾರೆ, ಸುಮಾರು 80 ಮೀಟರ್. ಅಲ್ಲಿ ಒಂದು ಚಿಕ್ಕ ಸ್ವಿಚ್ ಇದೆ. ಅದಕ್ಕೆ ಈ ಕಂಪ್ಯೂಟರ್ ಮತ್ತು ಒಂದು ವೈಫೈ ಡಬ್ಬಿ ಜೋಡಿಸಿದ್ದಾರೆ.

ಲಾರಿ ಬಂದು ನಿಂತರೆ ತೂಕ ಪರದೆ ಮೇಲೆ ಸರಿಯಾಗಿ ಬರುತ್ತದೆ, ಅದು ಸೀರಿಯಲ್ ಕೇಬಲ್‌ನಲ್ಲಿ ಬರುವುದು. ಸೇವ್ ಒತ್ತಿದರೆ ಮಾತ್ರ ಸರ್ವರ್ ಸಿಗುತ್ತಿಲ್ಲ ಅನ್ನುತ್ತದೆ. ಕೆಲವೊಮ್ಮೆ ತಾನೇ ಸರಿಯಾಗುತ್ತದೆ, ಕೆಲವೊಮ್ಮೆ ಅರ್ಧ ಗಂಟೆ ಹಾಗೇ ಇರುತ್ತದೆ. ಗೇಟಿನ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಚೆನ್ನಾಗಿ ನಡೆಯುತ್ತದೆ. ಆಫೀಸಿನ ಕಂಪ್ಯೂಟರ್‌ಗಳಲ್ಲಿ ಒಂದು ಸಲವೂ ಹೀಗಾಗಿಲ್ಲ.

ಮಳೆಗಾಲದಲ್ಲೆಲ್ಲ ಏನೂ ತೊಂದರೆ ಇರಲಿಲ್ಲ. ಈಗ ರೋಬಸ್ಟಾ ಬರುವ ಹೊತ್ತಿಗೆ ಶುರುವಾಗಿದೆ. ಸಾಫ್ಟ್‌ವೇರ್‌ನವರು ಕೇಬಲ್ ಅನ್ನುತ್ತಾರೆ, ಕೇಬಲ್‌ನವರು ಸರ್ವರ್ ಅನ್ನುತ್ತಾರೆ. ಸರ್ವರ್‌ನ ನೆಟ್‌ವರ್ಕ್ ಕಾರ್ಡ್ ಹೊಸದು ಹಾಕಿಸಿದ್ದಾಯಿತು. ಆಂಟಿವೈರಸ್ ತೆಗೆದು ನೋಡಿದ್ದಾಯಿತು. ಆಲ್ದೂರು, ಮಲ್ಲಂದೂರು ಕಡೆಯಿಂದ ಸಣ್ಣ ಬೆಳೆಗಾರರು ಪಿಕಪ್‌ನಲ್ಲಿ ಹತ್ತಿಪ್ಪತ್ತು ಚೀಲ ಹಾಕಿಕೊಂಡು ಬರುತ್ತಾರೆ. ಅವರಿಗೆ ಚೀಲ, ತೂಕ, ತೇವಾಂಶ ಎಲ್ಲ ಬರೆದ ಚೀಟಿ ಕೈಗೆ ಸಿಗುವ ತನಕ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಅವರನ್ನು ಬಿಸಿಲಲ್ಲಿ ನಿಲ್ಲಿಸಿ ಸ್ವಿಚ್ ಆಫ್ ಆನ್ ಮಾಡುವುದು ನನಗೆ ಸರಿ ಕಾಣುತ್ತಿಲ್ಲ. ಎಲ್ಲಿಂದ ಹುಡುಕಲಿ?

ಮಲೆನಾಡು ಕೇಬಲ್, ಸಕಲೇಶಪುರ

ಅಕ್ಕಾ, 80 ಮೀಟರ್ ಅಂದ್ರೆ ಲೆಕ್ಕದ ಒಳಗೇ ಇದೆ, ತಾಮ್ರದ ಲ್ಯಾನ್ ಕೇಬಲ್‌ಗೆ ಮಿತಿ 100 ಮೀಟರ್. ಆದರೆ ಕೇಬಲ್ ಎಂಥದ್ದು ಅನ್ನುವುದು ಮುಖ್ಯ. ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರ ಬಳಿದ ಅಗ್ಗದ ಮಾಲು ಜಾಸ್ತಿ ಸಿಗುತ್ತದೆ. ದೂರ ಎಳೆದಾಗ ಅದು ಕೈ ಕೊಡುತ್ತದೆ. ಗೇಟಿನ ಸ್ವಿಚ್‌ನಲ್ಲಿ ಆಫೀಸಿನ ಕೇಬಲ್ ಚುಚ್ಚಿದ ಕಡೆಯ ದೀಪ ಲಿಂಕ್ ಸ್ಪೀಡ್ ಎಷ್ಟು ತೋರಿಸುತ್ತದೆ ನೋಡಿ. 1 ಗಿಗಾಬಿಟ್‌ಗೆ ಒಳಗಿನ 4 ಜೋಡಿ ತಂತಿಯೂ ಬೇಕು, 100 ಮೆಗಾಬಿಟ್‌ಗೆ 2 ಜೋಡಿ ಸಾಕು. ಗಿಗಾಬಿಟ್ ಇದ್ದದ್ದು ಇದ್ದಕ್ಕಿದ್ದಂತೆ 100ಕ್ಕೆ ಇಳಿದಿದ್ದರೆ ಒಂದು ಜೋಡಿ ಎಲ್ಲೋ ಹೋಗಿದೆ ಅಂತ ಅರ್ಥ.

ಇನ್ನೊಂದು ಮಾತು, ನಿಮ್ಮ ಪ್ರಶ್ನೆಗೆ ಸೇರಿದ್ದಲ್ಲದಿದ್ದರೂ ಹೇಳಲೇಬೇಕು. ಎರಡು ಕಟ್ಟಡದ ನಡುವೆ ತಾಮ್ರ ಇಡಬೇಡಿ. ಹೂಮಳೆ ಶುರುವಾದರೆ ಸಿಡಿಲೂ ಶುರು. ಹತ್ತಿರ ಎಲ್ಲೋ ಹೊಡೆದರೂ ಸಾಕು, ಕೇಬಲ್ ಹಿಡಿದು ಬಂದು ಎರಡೂ ಕಡೆ ಸ್ವಿಚ್ ಸುಟ್ಟುಹಾಕುತ್ತದೆ, ಸರ್ವರ್‌ವರೆಗೂ ಹೋಗಬಹುದು. ಮಾರ್ಚ್ ಒಳಗೆ ಫೈಬರ್ ಎಳೆಸಿ. ಒಳಗೆ ಕಬ್ಬಿಣದ ತಂತಿ ಇಲ್ಲದ ಫೈಬರ್ ಕೇಳಿ ತೆಗೆದುಕೊಳ್ಳಿ.

ಹಾಸನದ ಸ್ವಿಚ್

ಫೈಬರ್ ಮಾತು ನೂರಕ್ಕೆ ನೂರು ಸರಿ. ಆದರೆ ಈಗಿನ ತೊಂದರೆ ಕೇಬಲ್‌ನದು ಅಂತ ನನಗೆ ಅನ್ನಿಸುತ್ತಿಲ್ಲ. ಕೇಬಲ್‌ಗೆ ರೋಬಸ್ಟಾ ಸೀಸನ್ ಯಾವಾಗ ಅಂತ ಗೊತ್ತಿರುವುದಿಲ್ಲ ಅಲ್ವಾ?

ಅಕ್ಕಾ, ದಯವಿಟ್ಟು ಇನ್ನು ಯಾವ ಭಾಗವನ್ನೂ ಬದಲಾಯಿಸಬೇಡಿ. ಸ್ವಿಚ್ ಕೂಡ ಮುಟ್ಟಬೇಡಿ. ತೊಂದರೆ ಇರುವಾಗಲೇ ನೋಡಬೇಕು, ಆಫ್ ಆನ್ ಮಾಡಿದ ಕೂಡಲೇ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಮುಂದಿನ ಸಲ ಹೀಗಾದಾಗ ವೇಬ್ರಿಡ್ಜ್ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು 192.168.1.10ಕ್ಕೆ ಪಿಂಗ್ ಹಾಕಿ (ಆ ವಿಳಾಸದಿಂದ ಉತ್ತರ ಬರುತ್ತದಾ ಅಂತ ಕೂಗಿ ನೋಡುವುದು), ನಿಲ್ಲದೆ ಓಡಲಿ. ಬಂತು, ಬರಲಿಲ್ಲ ಅಂತ ಮಾತ್ರ ಬರೆದುಕೊಂಡರೆ ಸಾಲದು. ಪೂರ್ತಿ ಸಾಲು ಬೇಕು: ಎಷ್ಟು ಮಿಲಿಸೆಕೆಂಡ್, ಕೊನೆಯಲ್ಲಿ ಬರುವ ಟಿಟಿಎಲ್ ಅನ್ನುವ ಸಂಖ್ಯೆ ಎಷ್ಟು. ಆಮೇಲೆ ಅಲ್ಲೇ ಎಆರ್‌ಪಿ -ಎ ಅಂತ ಕೊಡಿ. ಒಂದು ಪಟ್ಟಿ ಬರುತ್ತದೆ. ಅದರಲ್ಲಿ 192.168.1.10ರ ಎದುರಿಗೆ ಇರುವ ಫಿಸಿಕಲ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು) ಬರೆದುಕೊಳ್ಳಿ. ಸರ್ವರ್‌ನಲ್ಲಿ ಐಪಿಕಾನ್ಫಿಗ್ /ಆಲ್ ಕೊಟ್ಟು ಅದರ ಸ್ವಂತ ಫಿಸಿಕಲ್ ಅಡ್ರೆಸ್ ಕೂಡ ನೋಡಿ. ಸರ್ವರ್‌ನ ಈವೆಂಟ್ ವ್ಯೂವರ್‌ನಲ್ಲಿ, ಸಿಸ್ಟಮ್ ವಿಭಾಗದಲ್ಲಿ, ಟಿಸಿಪಿಐಪಿ ಹೆಸರಿನಲ್ಲಿ 4199 ಅನ್ನುವ ನಂಬರ್ ಇದೆಯಾ ಹುಡುಕಿ. ಇಷ್ಟು ಕೊಟ್ಟರೆ ಮುಂದಿನದು ಹೇಳಬಹುದು.

ಕಾಫಿಲೆಕ್ಕದ ಅಕ್ಕ

ಸರ್, ಇವತ್ತು ಮಧ್ಯಾಹ್ನ ಲಾರಿಗಳು ಸಾಲು ನಿಂತಿದ್ದಾಗಲೇ ಆಯಿತು. ಚೀಟಿಗಳನ್ನು ಕೈಯಲ್ಲಿ ಬರೆದುಕೊಡಲು ಒಬ್ಬರನ್ನು ಕೂರಿಸಿ ನೀವು ಹೇಳಿದ್ದೆಲ್ಲ ನೋಡಿದೆ.

ಪಿಂಗ್‌ಗೆ ಮೊದಲು ಕೆಲವು ಸಾಲು ಹೀಗೆ: ಸಮಯ 1 ಮಿಲಿಸೆಕೆಂಡಿಗಿಂತ ಕಡಿಮೆ, ಟಿಟಿಎಲ್ 128. ಆಮೇಲೆ ಒಂದಿಷ್ಟು ಸಾಲು ರಿಕ್ವೆಸ್ಟ್ ಟೈಮ್ಡ್ ಔಟ್. ಆಮೇಲೆ ಸಮಯ 94, ಟಿಟಿಎಲ್ 64. ಮತ್ತೆ ಸಮಯ 11, ಟಿಟಿಎಲ್ 64. ಪಿಂಗ್ ಬರುತ್ತಾ ಇದೆ, ಆದರೂ ಸೇವ್ ಆಗುತ್ತಿಲ್ಲ. ಇದೇ ನನಗೆ ಅರ್ಥವಾಗದ್ದು.

ಸರ್ವರ್‌ನ ಫಿಸಿಕಲ್ ಅಡ್ರೆಸ್ 7ಇ ಅಂತ ಮುಗಿಯುತ್ತದೆ. ವೇಬ್ರಿಡ್ಜ್‌ನ ಪಟ್ಟಿಯಲ್ಲಿ 192.168.1.10ರ ಎದುರು ಇದ್ದದ್ದು ಡಿಎ ಅಂತ ಶುರುವಾಗಿ 19 ಅಂತ ಮುಗಿಯುತ್ತದೆ. 4199 ಸರ್ವರ್‌ನಲ್ಲಿ ಇದೆ, ಒಂದಲ್ಲ, ತುಂಬಾ ಇದೆ. ಗೇಟಿನ ಸ್ವಿಚ್‌ನಲ್ಲಿ ಆಫೀಸಿನ ಕೇಬಲ್‌ನ ಲಿಂಕ್ ಸ್ಪೀಡ್ 1 ಗಿಗಾಬಿಟ್ ತೋರಿಸುತ್ತಿದೆ.

ಹಾಸನದ ಸ್ವಿಚ್

ಸಿಕ್ಕಿತು ಅಕ್ಕಾ. ಸರ್ವರ್ ಚೆನ್ನಾಗಿದೆ, ಕೇಬಲ್ ಚೆನ್ನಾಗಿದೆ, ಸಾಫ್ಟ್‌ವೇರ್ ಕೂಡ. 192.168.1.10 ಅನ್ನುವ ವಿಳಾಸ ನಿಮ್ಮ ಆವರಣದಲ್ಲಿ ಇಬ್ಬರ ಹತ್ತಿರ ಇದೆ. ಒಬ್ಬರು ನಿಮ್ಮ ಸರ್ವರ್. ಇನ್ನೊಬ್ಬರು ಯಾರದೋ ಫೋನ್.

ಹೇಗೆ ಗೊತ್ತಾಯಿತು ಅಂತ ಬಿಡಿಸಿ ಹೇಳುತ್ತೇನೆ, ಮುಂದೆ ನಿಮಗೇ ಬೇಕಾಗುತ್ತದೆ. ಪಿಂಗ್‌ಗೆ ಉತ್ತರ ಬಂತು ಅಂದ್ರೆ ಸರ್ವರ್ ಉತ್ತರ ಕೊಟ್ಟಿತು ಅಂತಲ್ಲ. ಆ ವಿಳಾಸ ಇಟ್ಟುಕೊಂಡಿರುವ ಯಾರೋ ಉತ್ತರ ಕೊಟ್ಟರು ಅಂತ, ಅಷ್ಟೇ. ಯಾರು ಅನ್ನುವುದನ್ನು ಟಿಟಿಎಲ್ ಹೇಳುತ್ತದೆ. ವಿಂಡೋಸ್ ತನ್ನ ಪ್ಯಾಕೆಟ್‌ಗೆ 128 ಹಾಕಿ ಕಳಿಸುತ್ತದೆ. ಆಂಡ್ರಾಯ್ಡ್, ಐಫೋನ್, ಲಿನಕ್ಸ್ ಇವೆಲ್ಲ 64 ಹಾಕುತ್ತವೆ. ದಾರಿಯಲ್ಲಿ ಒಂದೊಂದು ರೌಟರ್ ದಾಟಿದಾಗ ಒಂದೊಂದು ಕಡಿಮೆಯಾಗುತ್ತದೆ, ನಿಮ್ಮದು ಒಂದೇ ಲ್ಯಾನ್ ಆದ್ದರಿಂದ ಏನೂ ಕಡಿಮೆಯಾಗಿಲ್ಲ. ನಿಮ್ಮ ವಿಂಡೋಸ್ ಸರ್ವರ್ ಇದ್ದಕ್ಕಿದ್ದಂತೆ 64 ಕೊಡುವುದಕ್ಕೆ ಕಾರಣವೇ ಇಲ್ಲ. ಸಮಯವನ್ನೂ ನೋಡಿ. ತಂತಿಯಲ್ಲಿ 1 ಮಿಲಿಸೆಕೆಂಡ್ ಕೂಡ ಹಿಡಿಯದ ಕಡೆ 94, 11 ಅಂತ ಏರಿಳಿಯುತ್ತಿದೆ. ನಿದ್ದೆಗೆ ಜಾರಿ ಏಳುವ ಫೋನ್ ವೈಫೈ ಹೀಗೇ ಉತ್ತರ ಕೊಡುವುದು. ಸೇವ್ ಯಾಕೆ ಆಗುತ್ತಿಲ್ಲ ಅಂದ್ರೆ, ಎಸ್‌ಕ್ಯೂಎಲ್ ಸರ್ವರ್ ಸಾಮಾನ್ಯವಾಗಿ 1433ನೇ ಪೋರ್ಟ್‌ನಲ್ಲಿ ಕಾಯುತ್ತದೆ, ಫೋನ್‌ನಲ್ಲಿ ಆ ಬಾಗಿಲೇ ಇಲ್ಲ.

ಇನ್ನು ಆ ಡಿಎ. ಫಿಸಿಕಲ್ ಅಡ್ರೆಸ್‌ನ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆಯಲ್ಲಿ ಬರೆದ ವಿಳಾಸ ಅಲ್ಲ, ಸಾಧನ ತಾನೇ ಮಾಡಿಕೊಂಡದ್ದು. ಆಂಡ್ರಾಯ್ಡ್ 10ರಿಂದ, ಐಫೋನ್‌ನಲ್ಲಿ ಐಓಎಸ್ 14ರಿಂದ ಫೋನ್‌ಗಳು ವೈಫೈಗೆ ಹೀಗೆ ತಾವೇ ಮಾಡಿಕೊಂಡ ವಿಳಾಸ ಕೊಡುತ್ತವೆ. ಅದಕ್ಕೇ ಫೋನ್ ಅಂತ ಇಷ್ಟು ಧೈರ್ಯವಾಗಿ ಹೇಳಿದ್ದು. ಸರ್ವರ್‌ನಲ್ಲಿ ಕಂಡ 4199 ಅಂದ್ರೂ ಇದೇ: ನನ್ನ ಐಪಿ ಇನ್ನೊಬ್ಬರ ಹತ್ತಿರ ಇದೆ ಅಂತ ವಿಂಡೋಸ್ ಬರೆದಿಟ್ಟ ದೂರು. ಆ ದೂರಿನ ಒಳಗೆ ಎದುರಾಳಿಯ ಫಿಸಿಕಲ್ ಅಡ್ರೆಸ್ ಕೂಡ ಇರುತ್ತದೆ. ತೆರೆದು ನೋಡಿ, ಕೆಲವದರಲ್ಲಾದರೂ ಅದೇ ಡಿಎ ಇರಬೇಕು.

ಆಫೀಸಿನಲ್ಲಿ ಯಾಕೆ ಆಗುತ್ತಿಲ್ಲ? ಅಲ್ಲಿನ ಕಂಪ್ಯೂಟರ್‌ಗಳು ದಿನವಿಡೀ ಸರ್ವರ್ ಜೊತೆ ಮಾತಾಡುತ್ತಲೇ ಇರುತ್ತವೆ. ಮಾತು ನಡೆಯುತ್ತಿರುವ ತನಕ ಆ ಫಿಸಿಕಲ್ ಅಡ್ರೆಸ್ ಸರಿ ಅಂತ ವಿಂಡೋಸ್ ನಂಬಿಕೊಂಡಿರುತ್ತದೆ. ವೇಬ್ರಿಡ್ಜ್ ಹಾಗಲ್ಲ, ಲಾರಿ ಬಂದಾಗ ಮಾತ್ರ ಮಾತು. ನಡುವೆ ಸುಮ್ನೆ ಇದ್ದರೆ ಒಂದು ನಿಮಿಷದೊಳಗೇ ಆ ನೆನಪು ಹಳೆಯದಾಗುತ್ತದೆ. ಮತ್ತೆ 192.168.1.10 ಯಾರು ಅಂತ ಕೇಳಬೇಕಾಗುತ್ತದೆ. ಆಗ ಫೋನ್ ಕೂಡ ನಾನು ಅನ್ನುತ್ತದೆ. ಸ್ವಿಚ್ ಆಫ್ ಮಾಡಿದಾಗ ಲಿಂಕ್ ಬಿದ್ದು ಆ ಪಟ್ಟಿ ಅಳಿಸಿಹೋಗುತ್ತದೆ, ಫೋನ್‌ನ ವೈಫೈ ಕೂಡ ಕಡಿದುಹೋಗಿರಬಹುದು, ಹಾಗಾದರೆ ಸರ್ವರ್ ಮೊದಲು ಸಿಗುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ಚೆನ್ನಾಗಿರುವುದು.

ಫೋನ್‌ಗೆ ಆ ವಿಳಾಸ ಕೊಟ್ಟವರು ನಿಮ್ಮ ರೌಟರ್. ಅದರ ಡಿಎಚ್‌ಸಿಪಿ (ಕೇಳಿದವರಿಗೆ ಐಪಿ ಹಂಚುವ ವ್ಯವಸ್ಥೆ) ಪುಟ ತೆಗೆದು ನೋಡಿ. 192.168.1.2ರಿಂದ 254ರವರೆಗೆ ಯಾವುದನ್ನಾದರೂ ಹಂಚಬಹುದು ಅಂತ ಇರಬೇಕು. ಸರ್ವರ್‌ಗೆ 10 ಕೈಯಿಂದ ಕೊಟ್ಟಿದ್ದಾರೆ ಅನ್ನುವುದು ರೌಟರ್‌ಗೆ ಯಾರೂ ಹೇಳಿಲ್ಲ. ಕೆಲವು ರೌಟರ್ ಕೊಡುವ ಮೊದಲು ಒಂದು ಪಿಂಗ್ ಹಾಕಿ ನೋಡುತ್ತವೆ, ಎಲ್ಲವೂ ಅಲ್ಲ. ನೋಡಿದರೂ ರಾತ್ರಿ ನೀವು ಸರ್ವರ್ ಆಫ್ ಮಾಡಿ ಹೋಗಿದ್ದರೆ ಅದಕ್ಕೆ ಜಾಗ ಖಾಲಿ ಅಂತಲೇ ಕಾಣುತ್ತದೆ. ಮಳೆಗಾಲದಲ್ಲಿ ನಿಮ್ಮ ವೈಫೈಗೆ ನಾಲ್ಕಾರು ಫೋನ್. ಸೀಸನ್‌ನಲ್ಲಿ ಡ್ರೈವರ್‌ಗಳು, ಹಮಾಲರು, ಮಾಲು ನೋಡಲು ಬಂದವರು ಎಲ್ಲರೂ ಸೇರುತ್ತಾರೆ. ಸಂಖ್ಯೆ ಏರಿದಂತೆ 10 ಯಾರಿಗೋ ಒಬ್ಬರಿಗೆ ಹೋಗಿಯೇ ಹೋಗುತ್ತದೆ.

ಮಾಡಬೇಕಾದ್ದು ಇಷ್ಟೇ. ಹಂಚುವ ವಿಳಾಸಗಳನ್ನು 100ರಿಂದ 199 ಅಂತ ಮಾಡಿ. ಕೈಯಿಂದ ಕೊಡುವುದೆಲ್ಲ 100ರ ಕೆಳಗೆ ಇರಲಿ: ಸರ್ವರ್, ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್, ಹಾಜರಿ ಯಂತ್ರ. ಅವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸರ್ವರ್ ಪಕ್ಕದ ಗೋಡೆಗೆ ಅಂಟಿಸಿ. ರೌಟರ್ ರೀಸ್ಟಾರ್ಟ್ ಮಾಡಿದ ಮೇಲೂ ಆ ಫೋನ್ ಹಳೆಯ 10ನ್ನೇ ಸ್ವಲ್ಪ ಕಾಲ ಹಿಡಿದುಕೊಂಡಿರಬಹುದು. ಹಾಗಾಗಿ ವೈಫೈ ಪಾಸ್‌ವರ್ಡ್ ಬದಲಾಯಿಸಿಬಿಡಿ, ಎಲ್ಲರೂ ಹೊಸದಾಗಿ ಬರಲಿ. ಹೊರಗಿನವರ ಫೋನ್‌ಗಳನ್ನು ಗೆಸ್ಟ್ ವೈಫೈಗೆ ಹಾಕಿ. ಲೆಕ್ಕದ ಸರ್ವರ್ ಇರುವ ಲ್ಯಾನ್‌ನಲ್ಲಿ ಡ್ರೈವರ್‌ಗಳ ಫೋನ್ ಇರುವುದು ಈ ತೊಂದರೆ ಇಲ್ಲದಿದ್ದರೂ ತಪ್ಪೇ. ಆದರೆ ಗೇಟಿನ ಡಬ್ಬಿ ಬರೀ ಆಕ್ಸೆಸ್ ಪಾಯಿಂಟ್ (ಇರುವ ಲ್ಯಾನ್ ಅನ್ನೇ ವೈಫೈ ಮಾಡುವ ಡಬ್ಬಿ) ಆಗಿದ್ದರೆ, ಗೆಸ್ಟ್ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ. ವಿಎಲ್ಯಾನ್, ಅಂದ್ರೆ ಅದೇ ತಂತಿಯಲ್ಲಿ ಬೇರೆ ಬೇರೆ ಲ್ಯಾನ್ ಮಾಡುವ ವ್ಯವಸ್ಥೆ, ಬೇಕಾಗಬಹುದು. ಅದನ್ನು ಸೀಸನ್ ಮುಗಿದ ಮೇಲೆ, ಫೈಬರ್ ಎಳೆಸುವಾಗ ಒಟ್ಟಿಗೆ ಮಾಡಿಸಿ.

ಕಾಫಿಲೆಕ್ಕದ ಅಕ್ಕ

ಸರ್, ರೌಟರ್‌ನಲ್ಲಿ 2ರಿಂದ 254 ಅಂತಲೇ ಇತ್ತು. ಹಂಚಿದ ಪಟ್ಟಿಯಲ್ಲಿ 192.168.1.10 ಒಂದು ಆಂಡ್ರಾಯ್ಡ್ ಫೋನ್ ಹೆಸರಿನಲ್ಲಿ ಇತ್ತು, ಎದುರಿಗೆ ಅದೇ ಡಿಎ. ನೀವು ಹೇಳಿದ ಹಾಗೆ 100ರಿಂದ 199 ಮಾಡಿ ಪಾಸ್‌ವರ್ಡ್ ಬದಲಾಯಿಸಿದೆವು. ಆಮೇಲೆ ಸರ್ವರ್‌ನಲ್ಲಿ 4199 ಹೊಸದಾಗಿ ಬಂದಿಲ್ಲ. ವೇಬ್ರಿಡ್ಜ್‌ನಲ್ಲಿ ಎಲ್ಲಾ ಚೀಟಿಯೂ ಅಲ್ಲೇ ಪ್ರಿಂಟ್ ಆಗುತ್ತಿದೆ. ಕಾಫಿ ಸುರಿಯುವ ಮೊದಲೇ ಬೆಳೆಗಾರರ ಕೈಗೆ ಚೀಟಿ ಕೊಡುತ್ತಿದ್ದೇವೆ.

ಹಾಜರಿ ಯಂತ್ರಕ್ಕೆ 120 ಅಂತ ಕೈಯಿಂದ ಕೊಟ್ಟಿದ್ದರು, ಅದನ್ನೂ 20ಕ್ಕೆ ತಂದೆ. ಹಾಳೆ ಗೋಡೆ ಮೇಲಿದೆ. ನಿಮಗೂ ಕೇಬಲ್ ಅಣ್ಣನಿಗೂ ತುಂಬಾ ಧನ್ಯವಾದ. ಫೈಬರ್ ಬಗ್ಗೆ ಯಜಮಾನರಿಗೆ ಹೇಳಿದ್ದೇನೆ.

ಬೇಲೂರು ಲ್ಯಾಬ್

ಇದೇ ಜಾಗದಲ್ಲಿ ಕೇಳಬಹುದಾ? ನಮ್ಮ ಶಾಲೆಯ ಲ್ಯಾಬ್‌ನಲ್ಲಿ ಅರ್ಧ ಕಂಪ್ಯೂಟರ್‌ಗಳಿಗೆ ಸರ್ವರ್ ಸಿಗುತ್ತಿಲ್ಲ. ಅವುಗಳ ಐಪಿ ನೋಡಿದರೆ 169.254 ಅಂತ ಶುರುವಾಗುತ್ತದೆ. ಇದೂ ಇಬ್ಬರಿಗೆ ಒಂದೇ ವಿಳಾಸ ಹೋದ ತೊಂದರೆಯೇ?

ಹಾಸನದ ಸ್ವಿಚ್

ಬಹುಶಃ ಅಲ್ಲ ಮೇಷ್ಟ್ರೇ, ನಿಮ್ಮದು ಹೆಚ್ಚುಕಡಿಮೆ ಇದಕ್ಕೆ ಉಲ್ಟಾ. ಐಪಿ ಕೊಡಿ ಅಂತ ಕೇಳಿದ್ದಕ್ಕೆ ಯಾರಿಂದಲೂ ಉತ್ತರ ಬಾರದಿದ್ದಾಗ ವಿಂಡೋಸ್ ತಾನೇ 169.254ರಲ್ಲಿ ಒಂದು ಆರಿಸಿಕೊಳ್ಳುತ್ತದೆ. ಅಂದ್ರೆ ಆ ಅರ್ಧ ಕಂಪ್ಯೂಟರ್‌ಗಳ ಕೂಗು ರೌಟರ್‌ಗೆ ಮುಟ್ಟುತ್ತಿಲ್ಲ, ಇಲ್ಲವೇ ರೌಟರ್ ಹತ್ತಿರ ಹಂಚಲು ವಿಳಾಸ ಉಳಿದಿಲ್ಲ. ಆ ಅರ್ಧವೆಲ್ಲ ಒಂದೇ ಸ್ವಿಚ್‌ನಲ್ಲಿ ಇವೆಯಾ ಮೊದಲು ನೋಡಿ. ಹೌದಾದರೆ ಆ ಸ್ವಿಚ್‌ನಿಂದ ಮುಖ್ಯ ಸ್ವಿಚ್‌ಗೆ ಹೋಗುವ ಒಂದು ಕೇಬಲ್ ಮೇಲೆ ಅನುಮಾನ ಇಡಿ. ಎಲ್ಲಾ ದೀಪಗಳೂ ಒಟ್ಟಿಗೆ ಜೋರಾಗಿ ಮಿನುಗುತ್ತಿದ್ದರೆ ಯಾರೋ ಒಂದು ಕೇಬಲ್‌ನ ಎರಡೂ ತುದಿಯನ್ನು ಅದೇ ಸ್ವಿಚ್‌ಗೆ ಚುಚ್ಚಿರಬಹುದು. ಇವೆರಡನ್ನೂ ನೋಡಿ, ಐಪಿಕಾನ್ಫಿಗ್ /ಆಲ್ ಪೂರ್ತಿ ಹಾಕಿ. ಬೇರೆ ಎಳೆಯಲ್ಲಿ ಕೇಳಿದರೆ ಒಳ್ಳೆಯದು, ಹುಡುಕುವವರಿಗೆ ಸುಲಭವಾಗಿ ಸಿಗುತ್ತದೆ.