ಅಪ್‌ಡೇಟ್: ಠಾಣೆಯಲ್ಲಿ ಹೊಡೆತ ತಿಂದ ಚಿಕ್ಕಪ್ಪನಿಗೆ ಪರಿಹಾರ

ಕೇಸೇ ಇಲ್ಲದೆ ಚಿಕ್ಕಪ್ಪನನ್ನು ಠಾಣೆಯಲ್ಲಿ ಕೂಡಿಹಾಕಿ ಹೊಡೆದಿದ್ದರು, ಪರಿಹಾರ ಸಿಗುತ್ತಾ ಅಂತ ಕೇಳಿದ್ದೆ. ನೀವು ಹೇಳಿದಂತೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟೆವು. ಶುಲ್ಕ ಇಲ್ಲ, ವಕೀಲರೂ ಬೇಕಾಗಲಿಲ್ಲ. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡುವಂತಿಲ್ಲ, ದಯವಿಟ್ಟು ತಡ ಮಾಡಬೇಡಿ.

ನಮಗೆ ಜಾಸ್ತಿ ನೆರವಾಗಿದ್ದು ಸರ್ಕಾರಿ ಆಸ್ಪತ್ರೆಯ ಚೀಟಿ. ಅಂಗಾಲಿನ ಬಾಸುಂಡೆಗಳನ್ನು ಡಾಕ್ಟರು ತಾರೀಕು ಸಮೇತ ಬರೆದಿದ್ದರು.

ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿದೆ. ಹಣ ಇನ್ನೂ ಬಂದಿಲ್ಲ. ಬರದಿದ್ದರೆ ಹೈಕೋರ್ಟಿಗೆ ರಿಟ್ (ಹಕ್ಕಿಗೆ ಧಕ್ಕೆಯಾದಾಗ ನೇರವಾಗಿ ಸಲ್ಲಿಸುವ ಅರ್ಜಿ) ಹಾಕುತ್ತೇವೆ. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಕೊಳೆತ ಬಿಹಾರದ ರುದುಲ್ ಸಾಹ್‌ಗೆ ಸುಪ್ರೀಂ ಕೋರ್ಟ್ 1983ರಲ್ಲಿ 35,000 ರೂಪಾಯಿ ಕೊಡಿಸಿದ್ದು ರಿಟ್ ಅರ್ಜಿಯಲ್ಲೇ ಅಲ್ವಾ? ಹೊಡೆದವರ ಸಂಬಳದಿಂದಲೇ ಹಣ ಕಡಿತವಾಗಬೇಕು ಅನ್ನೋದು ಚಿಕ್ಕಪ್ಪನ ಹಠ. ಅದನ್ನೂ ಅರ್ಜಿಯಲ್ಲಿ ಕೇಳುತ್ತೇವೆ.