ಹೊಸ ಪದಗಳನ್ನು ‘ಸ್ವಂತ ವಾಕ್ಯ’ದಲ್ಲಿ ಬಳಸುವುದನ್ನು ಮಕ್ಕಳಿಗೆ ಹೇಗೆ ಕಲಿಸಬೇಕು?

ಪ್ರಶ್ನೆ – ಪೋಷಕಿ, ಹಾಸನ

ನನ್ನ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಪಾಠದ ಕೊನೆಯಲ್ಲಿ ‘ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂದಿದ್ದರೆ ಅವಳು ಪದಕೋಶದಲ್ಲಿ ಅರ್ಥ ನೋಡಿ, ಆ ಅರ್ಥ ಹೊಂದುವ ಕಡೆಯಲ್ಲೆಲ್ಲ ಹೊಸ ಪದವನ್ನು ಇಟ್ಟುಬಿಡುತ್ತಾಳೆ. ‘ತುತ್ತಾಗು’ ಎಂದರೆ ‘ಒಳಗಾಗು’ ಎಂದು ಓದಿಕೊಂಡು ‘ನಮ್ಮ ಶಾಲೆಯ ಹುಡುಗಿ ಪ್ರಶಸ್ತಿಗೆ ತುತ್ತಾದಳು’ ಎಂದು ಬರೆದಿದ್ದಾಳೆ. ವ್ಯಾಕರಣದಲ್ಲಿ ದೋಷ ಕಾಣುತ್ತಿಲ್ಲ, ಆದರೂ ಕೇಳಿದವರಿಗೆ ನಗು ಬರುತ್ತದೆ. ‘ಔದಾರ್ಯ’ಕ್ಕೆ ‘ಅವನಲ್ಲಿ ಔದಾರ್ಯವಿದೆ’ ಎಂದಿದ್ದಾಳೆ. ಇದು ತಪ್ಪಲ್ಲ, ಆದರೆ ಅವಳಿಗೆ ಆ ಪದ ತಿಳಿದಿದೆಯೆಂದು ಇದರಿಂದ ಗೊತ್ತಾಗುವುದೂ ಇಲ್ಲ. ಇದನ್ನು ತಿದ್ದುವ ಕ್ರಮವನ್ನು ದಯವಿಟ್ಟು ತಿಳಿಸಿ.

ಉತ್ತರ – ನಿವೃತ್ತ ಕನ್ನಡ ಅಧ್ಯಾಪಕ, ಬೇಲೂರು

ಮೇಡಂ, ತುತ್ತು ಎಂದರೆ ಬಾಯಿಗಿಡುವ ಅನ್ನ. ರೋಗ, ಬೆಂಕಿ, ಟೀಕೆ, ಸಾವು ಇಂಥವುಗಳ ಬಾಯಿಗೆ ಮನುಷ್ಯ ತುತ್ತಾಗುತ್ತಾನೆಯೇ ಹೊರತು ಪ್ರಶಸ್ತಿಯ ಬಾಯಿಗಲ್ಲ. ಪ್ರಶಸ್ತಿಗೆ ಹೊಂದುವುದು ‘ಭಾಜನ’ ಅಥವಾ ‘ಪಾತ್ರ’. ಇವೆಲ್ಲವೂ ಚತುರ್ಥಿ ವಿಭಕ್ತಿಯನ್ನೇ ಬೇಡುವುದರಿಂದ ವಾಕ್ಯದ ಕಟ್ಟು ಸರಿಯಾಗಿ ಕಾಣುತ್ತದೆ. ನಿಮಗೆ ದೋಷ ಸಿಗದಿದ್ದುದು ಅದಕ್ಕೇ. ಆದರೆ ‘ವಂಚಿತ’ ಎಂಬ ಪದ ಬಂದರೆ ‘ಸೌಲಭ್ಯಕ್ಕೆ ವಂಚಿತ’ ಎಂದಾಗದು, ‘ಸೌಲಭ್ಯದಿಂದ ವಂಚಿತ’ ಎಂದೇ ಆಗಬೇಕು. ಆದ್ದರಿಂದ ಅವಳು ಅರ್ಥವೊಂದನ್ನೇ ಬರೆದುಕೊಳ್ಳದೆ, ಪದದ ಹಿಂದೆ ಯಾವ ವಿಭಕ್ತಿ ಬರುತ್ತದೆ, ಅದನ್ನು ಒಳ್ಳೆಯದಕ್ಕೆ ಬಳಸುತ್ತಾರೋ ಕೆಟ್ಟದ್ದಕ್ಕೋ ಎಂಬುದನ್ನೂ ಗುರುತು ಹಾಕಿಕೊಳ್ಳಲಿ.

ಉತ್ತರ – ಪ್ರೌಢಶಾಲಾ ಶಿಕ್ಷಕಿ, ಮೂಡಿಗೆರೆ

‘ಔದಾರ್ಯ’ದ ವಾಕ್ಯದ ಬಗ್ಗೆ ಹೇಳುತ್ತೇನೆ. ಆ ಪದವನ್ನು ಬೆರಳಿನಿಂದ ಮುಚ್ಚಿ ವಾಕ್ಯವನ್ನು ಓದಿಸಿ. ಅಲ್ಲಿ ಧೈರ್ಯ, ಹಣ, ಹೊಟ್ಟೆಕಿಚ್ಚು ಯಾವುದನ್ನಿಟ್ಟರೂ ನಡೆಯುತ್ತದೆ. ಅಂಥ ವಾಕ್ಯಕ್ಕೆ ನಾನು ಅಂಕ ಕೊಡುವುದಿಲ್ಲ. ‘ಅರ್ಧ ಫಸಲು ಮಳೆಗೆ ಹೋದರೂ ಆಳುಗಳಿಗೆ ಕೂಲಿಯ ಮೇಲೆ ಹಬ್ಬದ ಖರ್ಚನ್ನೂ ಕೊಟ್ಟ ಸಾಹುಕಾರರ ಔದಾರ್ಯವನ್ನು ಊರೆಲ್ಲ ಕೊಂಡಾಡಿತು’ ಎಂದಾಗ ಪದವನ್ನು ಮುಚ್ಚಿದರೂ ಓದುವವರು ಅದನ್ನು ಊಹಿಸಬಲ್ಲರು. ಹಾಗೆಂದು ವಾಕ್ಯ ಉದ್ದವಿರಬೇಕೆಂದಿಲ್ಲ, ಕಾರಣವೋ ಸಂದರ್ಭವೋ ಇದ್ದರಾಯಿತು. ಮಕ್ಕಳು ಕಣ್ಣಾರೆ ಕಂಡದ್ದನ್ನು ಬರೆಯಲು ಬಿಟ್ಟರೆ ಇದು ತಾನಾಗಿ ಬರುತ್ತದೆ. ‘ಬಿಡದೆ ಸುರಿದ ಮಳೆಯಿಂದ ಕಾಫಿ ಗಿಡಗಳು ಕೊಳೆರೋಗಕ್ಕೆ ತುತ್ತಾಗಿ, ಕಪ್ಪಾದ ಎಲೆಗಳು ರೆಂಬೆಗೆ ಜೋತುಬಿದ್ದವು’ ಎಂದು ಬರೆಯಲು ನಮ್ಮ ಕಡೆಯ ಮಕ್ಕಳಿಗೆ ಪದಕೋಶವೇ ಬೇಕಾಗುವುದಿಲ್ಲ.

ಉತ್ತರ – ಸ್ನಾತಕೋತ್ತರ ವಿದ್ಯಾರ್ಥಿ, ಕಡೂರು

ಸಣ್ಣ ಪದಕೋಶಗಳಲ್ಲಿ ಬಳಕೆಯ ಮಾಹಿತಿ ಹೆಚ್ಚಾಗಿ ಇರುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಲ್ಲಿ ಅರ್ಥದ ಜೊತೆಗೆ ಹಿಂದಿನ ಬರಹಗಳಿಂದ ಎತ್ತಿಕೊಂಡ ಪ್ರಯೋಗಗಳೂ ಇವೆ. 13ನೆಯ ಶತಮಾನದ ಕೇಶಿರಾಜನೂ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳಿ ಸುಮ್ಮನಾಗದೆ, ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟೇ ನಿಯಮವನ್ನು ತೋರಿಸಿದ್ದಾನೆ. ಆದರೆ ಹಳಗನ್ನಡದ ಪ್ರಯೋಗಗಳನ್ನು ಎಂಟನೆಯ ತರಗತಿಯ ಹುಡುಗಿ ಅನುಕರಿಸುವಂತಿಲ್ಲವಾದ್ದರಿಂದ ದಿನಪತ್ರಿಕೆಯೇ ಸೂಕ್ತವೆಂದು ನನ್ನ ಅಭಿಪ್ರಾಯ.

ಉತ್ತರ – ನಿವೃತ್ತ ಕನ್ನಡ ಅಧ್ಯಾಪಕ, ಬೇಲೂರು

ಪತ್ರಿಕೆ ಓದಲಿ, ಆದರೆ ಅದನ್ನೇ ಪ್ರಮಾಣವೆಂದುಕೊಳ್ಳುವುದು ಬೇಡ. ‘ನಗರವು ಭಾರಿ ಮಳೆಗೆ ಸಾಕ್ಷಿಯಾಯಿತು’ ಎಂಬಂಥ ವಾಕ್ಯಗಳು ಈಗ ಎಲ್ಲೆಡೆ ಕಾಣುತ್ತವೆ. ‘ನಗರದಲ್ಲಿ ಭಾರಿ ಮಳೆಯಾಯಿತು’ ಎಂದರೆ ಸಾಕಲ್ಲವೇ? ಪತ್ರಿಕೆ, ಕಥೆ, ಪಠ್ಯ ಹೀಗೆ ಬೇರೆಬೇರೆ ಕಡೆ ಅದೇ ಪದವನ್ನು ಕಂಡ ಮೇಲೆಯೇ ಮಗು ಸ್ವಂತ ವಾಕ್ಯಕ್ಕೆ ಕೈಹಾಕಲಿ. ಮನೆಗೆಲಸದ ಪುಸ್ತಕ ಒಂದು ದಿನ ತಡವಾಗಿ ಬಂದರೆ ಯಾವ ಮೇಷ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ.